ಹಲಗಲಿಯ ಬೀಸುಕಲ್ಲು

ಮುಧೋಳ ಸೀಮೆಯ ಹಲಗಲಿ ಯಾರಿಗೆ ಗೊತ್ತಿಲ್ಲ? 1857ರಲ್ಲಿ ಕಂಪನಿ ಸರ್ಕಾರ ಹತಾರದ ಕಾಯ್ದೆ ತಂದಿತು. ಇದ್ದ ಹತಾರ ಒಪ್ಪಿಸಿರಿ, ಬೇಕಾದರೆ ಪರವಾನಗಿ ತಗೊಳ್ಳಿರಿ ಅಂದಿತು. ಬೇಟೆಯೇ ಬದುಕಾದ ಬೇಡರು ಆಗೋದಿಲ್ಲ ಅಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ನೂರರ ಸುಮಾರು ಜನ ಸತ್ತರು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೆ ಹಾಕಿದರು. ಮುಧೋಳದಲ್ಲಿ 13, ಹಲಗಲಿಯಲ್ಲಿ 6.

ಇದನ್ನು ನಮಗೆ ಶೌರ್ಯದ ಪಾಠವಾಗಿ ಕಲಿಸಿದರು. ಜಡಗ, ಬಾಲ ಎಂದು ಹೆಸರು ಬರೆದರೆ ಮಾರ್ಕು ಬೀಳುತ್ತಿತ್ತು. ಆದರೆ ಫ್ಲೀಟ್ ಸಾಹೇಬ ಸಂಗ್ರಹಿಸಿದ ಆ ಲಾವಣಿಯನ್ನು ಇನ್ನೊಮ್ಮೆ ಓದಿ ನೋಡಿರಿ. ಯುದ್ಧ ಹಾಡುತ್ತ ಹಾಡುತ್ತ ಲಾವಣಿಕಾರ ನಡುವೆ ನಿಂತು ಒಂದು ಪಟ್ಟಿ ಕೊಡುತ್ತಾನೆ: ಕೊಡಲಿ, ಉಪ್ಪು, ಎಣ್ಣೆ, ಅರಿಶಿಣ, ಬೆಲ್ಲ, ಗಂಗಾಳ, ಚರಗಿ, ಹೆಣ್ಣುಮಕ್ಕಳ ತಾಳಿ, ಕಡೆಗೆ ಬೀಸುಕಲ್ಲು. ದಂಡು ಏನೇನು ದೋಚಿತು, ಏನೇನು ಹಾಳು ಮಾಡಿತು ಎಂಬ ಲೆಕ್ಕ ಇದು. ನಮ್ಮ ಕಣ್ಣಿಗೆ ಇದು ಪಂಚನಾಮೆ. ಯಾವ ಫೌಜದಾರನೂ ಬರೆಯದ ಪಂಚನಾಮೆಯನ್ನು ಒಬ್ಬ ಹಾಡುಗಾರ ಬರೆದಿಟ್ಟ. ವಿಮರ್ಶಕರು ಇದನ್ನು ವರ್ಣನೆ ಅಂತ ಕರೆದು ಮುಂದೆ ಹೋಗುತ್ತಾರೆ. ಬೀಸುಕಲ್ಲು ಕಳಕೊಂಡ ಮನೆಯಲ್ಲಿ ಮರುದಿನ ರೊಟ್ಟಿಗೆ ಹಿಟ್ಟಿಲ್ಲ ಎಂಬುದು ಅವರಿಗೆ ಹೊಳೆಯದಿದ್ದರೆ ನಾವೇನು ಮಾಡೋಣ?

ಆ ಪಟ್ಟಿ ಹಿಡಿದು ಹೋಗಿ ನಿಲ್ಲಲು ಕಚೇರಿ ಎಲ್ಲಿತ್ತು? ಗಲ್ಲಿಗೆ ಹಾಕಿದ್ದೂ ಕಾನೂನಿನ ಹೆಸರಿನಲ್ಲೇ. ಆಮೇಲೆ ಬಂದ ಕಾನೂನಿನ ನಡೆ ಎಂಥದು ನೋಡಿ. ಅಪರಾಧ ಅಂದರೆ ಸರ್ಕಾರಕ್ಕೂ ಆರೋಪಿಗೂ ನಡುವಿನ ವ್ಯಾಜ್ಯ. ಪೆಟ್ಟು ತಿಂದವನು ಬರೀ ಸಾಕ್ಷಿ. ಕರೆದಾಗ ಬರಬೇಕು, ಕೇಳಿದ್ದಕ್ಕೆ ಹೇಳಬೇಕು, ಹೋಗಬೇಕು. 1898ರ ದಂಡ ಪ್ರಕ್ರಿಯೆ ಸಂಹಿತೆಯ 545ನೇ ಕಲಮಿನಲ್ಲಿ ಪರಿಹಾರದ ಮಾತು ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಆರೋಪಿ ಸಿಗಬೇಕು, ಶಿಕ್ಷೆ ಆಗಬೇಕು, ದಂಡ ಬೀಳಬೇಕು, ಅದು ವಸೂಲಾಗಬೇಕು. ಆಮೇಲೆ ಸಾಹೇಬರ ಮನಸ್ಸಿಗೆ ಬಂದರೆ ಅದರಲ್ಲೊಂದು ಪಾಲು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಆರು ತಿಂಗಳ ಸಜೆ, 500 ರೂಪಾಯಿ ದಂಡ ಅಂದಿತು. ಬಾವಿಯ ಕಟ್ಟೆಯಿಂದ ದೂಡಿಸಿಕೊಂಡವಳ ಕೈಗೆ ಏನು ಬರಬೇಕು ಎಂದು ಹೇಳಲಿಲ್ಲ. 1973ರ ಸಂಹಿತೆ 357ನೇ ಕಲಮಿನಲ್ಲಿ ದಂಡ ಹಾಕದಿದ್ದರೂ ಪರಿಹಾರ ಕೊಡಿಸಬಹುದು ಎಂದಿತು. 'ಬಹುದು' ಎಂಬ ಪದ ಬಡವನ ಕೆಲಸಕ್ಕೆ ಬರೋದಿಲ್ಲ. ಆ ಅಧಿಕಾರವನ್ನು ಧಾರಾಳವಾಗಿ ಬಳಸಿರಿ ಎಂದು ಸುಪ್ರೀಂ ಕೋರ್ಟೇ 1988ರಲ್ಲಿ ಕೆಳಗಿನ ಕೋರ್ಟುಗಳಿಗೆ ಹೇಳಬೇಕಾಯಿತು.

1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳು ಬಂದವು. ನಮ್ಮ ಮನೆತನಗಳಲ್ಲಿ ಮೊದಲು ಡಿಗ್ರಿ ಮುಗಿಸಿದ ನಾವು ಆ ನಿಯಮದ ಪುಸ್ತಕ ತೆರೆದಾಗ ಕಣ್ಣು ನಿಂತದ್ದು ಅನುಬಂಧದಲ್ಲಿ. ಸುಟ್ಟ ಮನೆಗೆ ಸರ್ಕಾರದ ಖರ್ಚಿನಲ್ಲಿ ಇಟ್ಟಿಗೆ ಅಥವಾ ಕಲ್ಲಿನ ಮನೆ. ಕೊಲೆಯಂಥ ಘೋರ ಪ್ರಕರಣಗಳಲ್ಲಿ ಮೂರು ತಿಂಗಳಿಗೆ ಪಾತ್ರೆ, ಅಕ್ಕಿ, ಗೋಧಿ, ಬೇಳೆ. ಅರೇ, ಇದು ನಮ್ಮ ಲಾವಣಿಕಾರನ ಪಟ್ಟಿಯಲ್ಲವೇ! ಚರಗಿ ಗಂಗಾಳ ಸರ್ಕಾರಿ ಕಾಗದಕ್ಕೆ ಏರಲು 138 ವರ್ಷ ಬೇಕಾದವು. ಬೇಡರು 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಹಲಗಲಿಯವರ ಮೊಮ್ಮಕ್ಕಳಿಗೂ ಈ ಕಾಗದ ಸಲ್ಲುತ್ತದೆ.

2016ರಲ್ಲಿ ಈ ನಿಯಮಗಳ ತಿದ್ದುಪಡಿಯಾಗಿ ಮೊತ್ತ 85 ಸಾವಿರದಿಂದ 8 ಲಕ್ಷ 25 ಸಾವಿರದವರೆಗೆ ಏರಿತು. ಏಳು ದಿನದೊಳಗೆ ಪರಿಹಾರದ ವ್ಯವಸ್ಥೆ ಆಗಬೇಕು. ಕೊಲೆಯಾದರೆ ಶವಪರೀಕ್ಷೆಯ ನಂತರ ಅರ್ಧ, ದೋಷಾರೋಪ ಪಟ್ಟಿ ಕೋರ್ಟಿಗೆ ಹೋದಾಗ ಇನ್ನರ್ಧ. ಜಾತಿ ಎತ್ತಿ ಬೈದು ಅವಮಾನಿಸಿದರೆ ಒಂದು ಲಕ್ಷ: ಎಫ್.ಐ.ಆರ್. ಆದಾಗ ಕಾಲು ಭಾಗ, ದೋಷಾರೋಪ ಪಟ್ಟಿಗೆ ಅರ್ಧ, ಕಡೆಯ ಕಾಲು ಶಿಕ್ಷೆಯಾದ ಮೇಲೆ.

ಈ ಕಡೆಯ ಕಾಲಿನ ಮೇಲೆ ನಮಗೆ ಸಿಟ್ಟಿದೆ. ಶಿಕ್ಷೆ ಆಗೋದು ಯಾವಾಗ? ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಏಳು ಮಂದಿ ತಾವೇ ಸುಟ್ಟುಕೊಂಡರೇ? ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದ್ದಕ್ಕೆ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ! ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನು. ಈ ಹತ್ತು ವರ್ಷ ಸಾಕ್ಷಿ ಹೇಳುವವರು ಅದೇ ಊರಲ್ಲಿ, ಅದೇ ಹೊಲಕ್ಕೆ ಕೂಲಿಗೆ ಹೋಗಿ ಬದುಕಬೇಕು. ಅಷ್ಟರಲ್ಲಿ ಹಿರಿಯರು ಬರುತ್ತಾರೆ. "ತಮ್ಮಾ, ಆಗಿದ್ದು ಆಗಿ ಹೋತು, ರಾಜಿ ಆಗ್ರಿ, ಒಂದೇ ಊರಾಗ ಇರಾವ್ರು" ಅಂತಾರೆ. ರಾಜಿಗೆ ಕರೆಯುವವರು ಸುಟ್ಟ ಮನೆಯ ಲೆಕ್ಕ ಕೇಳಿದ್ದನ್ನು ನಾವು ಕಾಣೆವು.

ಜಾತಿ ದೌರ್ಜನ್ಯವಲ್ಲದ ಅಪರಾಧಕ್ಕೂ ಈಗ ದಾರಿ ಇದೆ. 2009ರ ಕೊನೆಯ ದಿನ ಜಾರಿಗೆ ಬಂದ 357-ಎ ಕಲಮಿನಿಂದ, ಆರೋಪಿ ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದಾಯಿತು. ಕರ್ನಾಟಕದ ಯೋಜನೆ 2011ರಲ್ಲಿ ಬಂತು. 2024ರ ಜುಲೈಯಿಂದ ಅದು ಹೊಸ ಸಂಹಿತೆಯ 396ನೇ ಕಲಮು. ರಬಕವಿ-ಬನಹಟ್ಟಿಯ ಮಗ್ಗದ ಮನೆಯ ಹೆಣ್ಣುಮಗಳು ಯಾವ ಜಾತಿಯವಳಾದರೂ ಸರಿ, ಹಲ್ಲೆಯಾದರೆ ಬಾಗಲಕೋಟೆಗೆ ಅರ್ಜಿ ಬರೆಯಬಹುದು. ವಕೀಲರ ಫೀ ಇಲ್ಲ.

ಜಮಖಂಡಿಯಲ್ಲಿ ಉಪವಿಭಾಗಾಧಿಕಾರಿಯ ಕಚೇರಿ ಇದೆ. ಮುಧೋಳ, ಬೀಳಗಿಯವರು ಹೋಗುವುದೂ ಅಲ್ಲಿಗೇ. ದೌರ್ಜನ್ಯ ಪ್ರಕರಣಗಳ ಉಪವಿಭಾಗ ಜಾಗೃತಿ ಸಮಿತಿಗೆ ಆ ಅಧಿಕಾರಿಯೇ ಅಧ್ಯಕ್ಷರು. ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಸೇರಿತೇ, ಯಾರ ಹಣ ಎಲ್ಲಿ ನಿಂತಿದೆ ಎಂದು ಕೇಳುವ ಕೆಲಸ ನಮ್ಮ ಹುಡುಗರದು. ಮಾಸ್ತರರಿಗೂ ಒಂದು ಕೆಲಸ ಇದೆ. ಕೇರಿಯಲ್ಲಿ ಹೊಡೆದಾಟ, ಬೆಂಕಿ ಆದ ರಾತ್ರಿಯೇ ಮನೆಮನೆಗೆ ಕೂತು ಹಾನಿಯ ಪಟ್ಟಿ ಬರೆಯಿರಿ. 'ಸಾಮಾನು ಸರಂಜಾಮು ನಷ್ಟ' ಎಂದು ಪೊಲೀಸರು ಒಂದೇ ಸಾಲಿನಲ್ಲಿ ಮುಗಿಸಲು ಬಿಡಬೇಡಿ. ಜೋಳದ ಚೀಲ ಎಷ್ಟು, ಕೌದಿ ಎಷ್ಟು, ಕೋಳಿ ಎಷ್ಟು, ರೇಷನ್ ಕಾರ್ಡು, ಮಕ್ಕಳ ಪುಸ್ತಕ, ಎಲ್ಲ ಬರೆಯಿರಿ. ಕೆಳಗೆ ಹೆಬ್ಬೆಟ್ಟು ಒತ್ತಿಸಿ, ಒಂದು ಪ್ರತಿ ಠಾಣೆಗೆ ಕೊಟ್ಟು ಸ್ವೀಕೃತಿ ತಗೊಳ್ಳಿರಿ, ಇನ್ನೊಂದು ಪ್ರತಿ ಕೇರಿಯಲ್ಲೇ ಇರಲಿ. ಎಫ್.ಐ.ಆರ್. ಪ್ರತಿಗೆ ದುಡ್ಡು ಕೊಡಬೇಕಿಲ್ಲ.