ಬಕ್ಸ್ ಅಂದ್ರೆ ಜಿಂಕೆ ಚರ್ಮ, ಗುರು! (ಸ್ಲ್ಯಾಂಗ್ ಹಿಸ್ಟರಿ, ಭಾಗ 6)

"ಮಗಾ, ಇನ್ನೂರು ಬಕ್ಸ್ ಇದ್ಯಾ? ಸೋಮವಾರ ಕೊಡ್ತೀನಿ."

ಕ್ಯಾಂಟೀನಲ್ಲಿ ಈ ಡೈಲಾಗ್ ಕೇಳದೇ ಇರೋರು ಕೈ ಎತ್ತಿ. (ನಂಗೆ ಹೇಳಿದವನೂ ಇದನ್ನ ಓದ್ತಿದ್ದಾನೆ. ಮೂರು ಸೋಮವಾರ ಆಯ್ತು.)

ನಾವು ಬಕ್ಸ್ ಅನ್ನೋದು ರೂಪಾಯಿಗೆ, ಅಮೆರಿಕದವರು ಡಾಲರ್‌ಗೆ. ಮಾತಲ್ಲಿ ನಡೆಯುತ್ತೆ, ಜರ್ನಲ್ ಎಂಟ್ರಿಲಿ ಬರೆದ್ರೆ ಮಾರ್ಕ್ಸ್ ಹೋಗುತ್ತೆ. ಆದ್ರೆ ಒಂದು ಕಾಲದಲ್ಲಿ ಇದು ಲೆಕ್ಕ ಇಡೋ ಪದವೇ ಆಗಿತ್ತು ಅಂದ್ರೆ ನಂಬ್ತೀರಾ?

ಬಕ್ ಅಂದ್ರೆ ಗಂಡು ಜಿಂಕೆ. 1700ರ ದಶಕಗಳಲ್ಲಿ ಅಮೆರಿಕದ ಮೂಲನಿವಾಸಿಗಳು ಜಿಂಕೆ ಚರ್ಮ ತಂದು ಬಿಳಿ ವ್ಯಾಪಾರಿಗಳಿಗೆ ಕೊಡ್ತಿದ್ರು. ಅದು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಕೈಗವಸು, ಚಡ್ಡಿ, ಪುಸ್ತಕದ ರಟ್ಟಿನ ಹೊದಿಕೆ ಆಗ್ತಿತ್ತು. ನಾಣ್ಯ ಕಾಡಲ್ಲಿ ಎಲ್ಲಿ ಸಿಗಬೇಕು? ಹಾಗಾಗಿ ಚರ್ಮವೇ ದುಡ್ಡು. ಗಂಡು ಜಿಂಕೆಯದ್ದು ದೊಡ್ಡದು, ದಪ್ಪ, ಅದಕ್ಕೇ ಬೆಲೆ ಜಾಸ್ತಿ. 1748ರಲ್ಲಿ ಓಹಿಯೋ ನದಿ ದಡದ ಲಾಗ್ಸ್‌ಟೌನ್‌ಗೆ ಹೋಗಿದ್ದ ಕಾನ್ರಾಡ್ ವೈಸರ್ ಅನ್ನೋ ದುಭಾಷಿ ತನ್ನ ದಿನಚರಿಯಲ್ಲಿ ಒಂದು ಪೀಪಾಯಿ ವಿಸ್ಕಿಗೆ 5 ಬಕ್ಸ್ ಅಂತ ಬರೆದಿದ್ದಾನೆ. ಲೂಟಿಯಾದವನೊಬ್ಬನ ನಷ್ಟವನ್ನೂ 300 ಬಕ್ಸ್ ಅಂತಲೇ ಲೆಕ್ಕ ಹಾಕಿದ್ದಾನೆ. ಅಲ್ಲಿ ಯಾರೂ 300 ಚರ್ಮ ಎಣಿಸ್ತಾ ಕೂತಿರಲಿಲ್ಲ. ನಮ್ಮ ಫಸ್ಟ್ ಇಯರ್ ಎಕನಾಮಿಕ್ಸ್‌ನ 'ಮೌಲ್ಯದ ಅಳತೆಗೋಲು' ಅಂದ್ರೆ ಇದೇ!

(ಅಂದಹಾಗೆ, 'ಪಾಸ್ ದಿ ಬಕ್' ಅನ್ನೋದರಲ್ಲಿರೋ ಬಕ್ ಇದಲ್ಲ. ಅದು ಇಸ್ಪೀಟಿಂದು: ಎಲೆ ಹಂಚೋ ಸರದಿ ಯಾರದ್ದು ಅಂತ ತೋರಿಸೋಕೆ ಇಡ್ತಿದ್ದ ಗುರುತು.)

ಇಲ್ಲಿವರೆಗೆ ಮಜಾ. ನಂಗೆ ಬೇಜಾರಾಗಿದ್ದು ಮುಂದಿನದ್ದು ಓದಿದಾಗ.

ನಮ್ಮಪ್ಪಂದು ಕಿರಾಣಿ ಅಂಗಡಿ. ಉದ್ರಿ ಪುಸ್ತಕ ನೋಡ್ಕೊಂಡೇ ಬೆಳೆದಿದ್ದೀನಿ. ಈ ಚರ್ಮದ ವ್ಯಾಪಾರವೂ ಉದ್ರಿ ಮೇಲೇ ನಿಂತಿತ್ತು. ಬೇಟೆಗೆ ಹೋಗೋಕೆ ಮುಂಚೆ ಬಂದೂಕು, ಮದ್ದು, ಬಟ್ಟೆ, ರಮ್ ಎಲ್ಲಾ ಸಾಲ. ವಾಪಸ್ ಬಂದು ಚರ್ಮದಲ್ಲಿ ತೀರಿಸಬೇಕು. ಜಿಂಕೆ ಕಮ್ಮಿ ಸಿಕ್ಕಿದ ವರ್ಷ ಬಾಕಿ ಹಾಗೇ ಉಳಿಯುತ್ತೆ, ಮುಂದಿನ ವರ್ಷ ಅದರ ಮೇಲೆ ಇನ್ನೊಂದಿಷ್ಟು ಸಾಲ. ಲೆಕ್ಕ ಬರೆಯೋನು ವ್ಯಾಪಾರಿ. ತಲೆ ತಿರುಗಿಸೋ ರಮ್ ಮಾರೋನೂ ಅವನೇ.

ಓಹಿಯೋದಿಂದ ತುಂಬಾ ದಕ್ಷಿಣಕ್ಕೆ, ಜಾರ್ಜಿಯಾ ಕಡೆ, ಈ ಬಾಕಿ ಎಷ್ಟು ಬೆಳೀತು ಅಂದ್ರೆ, 1773ರಲ್ಲಿ ಆಗಸ್ಟಾದಲ್ಲಿ ಒಪ್ಪಂದ ಮಾಡಿಸಿ ಕ್ರೀಕ್ ಮತ್ತು ಚೆರೋಕಿ ಜನರಿಂದ 20 ಲಕ್ಷ ಎಕರೆಗೂ ಹೆಚ್ಚು ಭೂಮಿ ಬರೆಸಿಕೊಂಡ್ರು. ಆ ಭೂಮಿ ಮಾರಿ ವ್ಯಾಪಾರಿಗಳ ಬಾಕಿ ತೀರಿಸೋದು ಅನ್ನೋದು ಲೆಕ್ಕ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದ್ರೆ ಖುಷಿ ಪಡೋನು ನಾನು, ಇದು ಮಾತ್ರ ಟ್ಯಾಲಿ ಅಂತ ಅನ್ನಿಸಲೇ ಇಲ್ಲ. ಹಿಂದೆಂದೋ ಕುಡಿದ ರಮ್ಮಿಗೆ ಮೊಮ್ಮಕ್ಕಳ ಕಾಡು ಹೋಯ್ತಲ್ವಾ?

ಡಾಲರ್ ಅನ್ನೋ ಅರ್ಥದಲ್ಲಿ 'ಬಕ್' ಸಿಗೋ ಹಳೇ ದಾಖಲೆ 1856ರದ್ದು. ಡಿಕ್ಷನರಿಗಳು 'ಬಹುಶಃ' ಅಂತ ಒಂದು ಮಾತು ಸೇರಿಸಿ ಈ ಚರ್ಮದ ಕಡೆಗೇ ಬೊಟ್ಟು ಮಾಡ್ತವೆ. ಅಷ್ಟು ಹೊತ್ತಿಗೆ ಕ್ರೀಕ್ ಜನರನ್ನ ಅವರ ಊರುಗಳಿಂದಲೇ ಎಬ್ಬಿಸಿ ಮಿಸಿಸಿಪ್ಪಿ ನದಿಯ ಆಚೆಗೆ ಕಳಿಸಿ 20 ವರ್ಷ ಆಗಿತ್ತು.

ಮುಂದಿನ ಭಾಗಕ್ಕೆ ಯಾವ ಪದ ಬೇಕು, ಕಾಮೆಂಟಲ್ಲಿ ಹಾಕಿ. ಮತ್ತೆ ಮಗಾ, ಆ ಇನ್ನೂರು... ರೂಪಾಯಿಲೇ ಕೊಡು, ಚರ್ಮ ಬೇಡ.