ಮರಳಿ ಹೇಳಿದ ಕತೆ

ಕತೆ ಹೇಳುವುದು ಹೊತ್ತು ಕಳೆಯುವ ಕೆಲಸ, ಪಾಠ ಹೇಳುವುದು ಘನವಾದ ಕೆಲಸ ಎಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ನಮ್ಮ ದೇಶದ ಬಹು ಪ್ರಸಿದ್ಧವಾದ ಒಂದು ಪಾಠಶಾಲೆಯಲ್ಲಿ ಈ ಎರಡು ಕೆಲಸಗಳೂ ಒಂದೇ ಆಗಿದ್ದುವು. ಅಮರಶಕ್ತಿಯೆಂಬ ಅರಸನ ಮೂವರು ಮಂದಮತಿಗಳಾದ ಮಕ್ಕಳನ್ನು ಆರು ತಿಂಗಳೊಳಗೆ ನೀತಿಜ್ಞರನ್ನಾಗಿ ಮಾಡುವೆನೆಂದು ವಿಷ್ಣುಶರ್ಮನು ಮಾತುಕೊಟ್ಟನೆಂದು ಸಂಸ್ಕೃತ ಪಂಚತಂತ್ರದ ಪೀಠಿಕೆ ಹೇಳುತ್ತದೆ. ಅವನ ಪಠ್ಯವೆಂದರೆ ಸಿಂಹ, ನರಿ, ಕಾಗೆ, ಗೂಬೆಗಳ ಕತೆ. ಅವುಗಳಲ್ಲಿ ಕೆಲವು ಬೌದ್ಧರ ಜಾತಕಗಳಲ್ಲಿಯೂ ದೊರೆಯುತ್ತವೆ. ಎಂದರೆ ಆ ಗುರು ಹೊಸ ಕತೆಗಳನ್ನು ಹುಟ್ಟಿಸಲು ಹೊರಟವನಲ್ಲ. ಲೋಕದಲ್ಲಿದ್ದ ಕತೆಗಳನ್ನು ತನ್ನ ಮುಂದೆ ಕುಳಿತವರಿಗೆ ತಕ್ಕಂತೆ ಮರಳಿ ಹೇಳಿದವನು.

ಕನ್ನಡದಲ್ಲಿ ಈ ಕೆಲಸವನ್ನು ಕೈಗೊಂಡವನು ದುರ್ಗಸಿಂಹ. 11ನೆಯ ಶತಮಾನದ ಪೂರ್ವಾರ್ಧದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ಈತನಿಗೆ ಯುದ್ಧ ಸಂಧಾನಗಳ ಒಳಹೊರಗೆಲ್ಲ ತಿಳಿದಿತ್ತು. ತನ್ನ ಚಂಪೂಕೃತಿಗೆ ವಸುಭಾಗಭಟ್ಟನ ಪಂಚತಂತ್ರವೇ ಆಧಾರವೆಂದು ಅವನು ಹೇಳಿಕೊಂಡಿದ್ದಾನೆ. ಇಲ್ಲಿ ಐದು ತಂತ್ರಗಳ ಹೆಸರೇ ಬೇರೆ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಬೇರೆ ಪಾಠಗಳಲ್ಲಿ ಕಾಣದ ಕತೆಗಳು ಇಲ್ಲಿವೆ. ಜೈನಧರ್ಮದ ಛಾಯೆಯೂ ಅಲ್ಲಲ್ಲಿ ಬಿದ್ದಿದೆ. ಹಾಗೆಂದು ಇದು ಪಂಚತಂತ್ರವೇ ಅಲ್ಲವೆಂದು ಯಾರೂ ಹೇಳುವುದಿಲ್ಲ. ಮೂಲಕ್ಕೆ ವಿಧೇಯನಾಗಿರುವುದು ಮತ್ತು ಮೂಲವನ್ನು ಬದಲಾಯಿಸುವುದು, ಇವೆರಡೂ ನಮ್ಮ ಹಿಂದಿನವರಿಗೆ ಪರಸ್ಪರ ವಿರುದ್ಧವಾಗಿ ತೋರಲಿಲ್ಲ.

ದುರ್ಗಸಿಂಹನದು ಓಲಗದ ಕತೆ. ಅಡುಗೆಮನೆಯ ಕತೆ ಕಾಲೇಜಿನ ಮೆಟ್ಟಿಲು ಹತ್ತಿದ್ದು ಬಹಳ ತಡವಾಗಿ. ಅದನ್ನು ಕೈಹಿಡಿದು ಹತ್ತಿಸಿದವರಲ್ಲಿ ಎ. ಕೆ. ರಾಮಾನುಜನ್ ಒಬ್ಬರು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು, 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದಾಗ ಅಲ್ಲಿಯ ಜನ ಹೇಳುತ್ತಿದ್ದ ಕತೆಗಳನ್ನು ಕೇಳಿ ಬರೆದುಕೊಂಡರು. ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಕಲಿಸಿ 1993ರಲ್ಲಿ ತೀರಿಕೊಂಡರು. ಅವರು ಇಂಗ್ಲಿಷಿಗೆ ತಂದ 77 ಕನ್ನಡ ಕತೆಗಳ ಸಂಕಲನ ಹೊರಬಂದದ್ದು 1997ರಲ್ಲಿ. ಕತೆ ಯಾರ ಬಾಯಲ್ಲಿ, ಯಾವ ಜಾಗದಲ್ಲಿ ಬರುತ್ತದೆಂಬುದನ್ನು ಅವರು ಸೂಕ್ಷ್ಮವಾಗಿ ಗಮನಿಸಿದರು. ಮಕ್ಕಳಿಗೆ ತುತ್ತು ಕೊಡುತ್ತ ಹೆಂಗಸರು ಹೇಳುವ ಕತೆಯಲ್ಲಿ ರಾಜನಿಗೆ ಹೆಸರಿಲ್ಲ, ಊರಿಗೂ ಹೆಸರಿಲ್ಲ. ಅದೇ ಕತೆ ಹೊಸಿಲು ದಾಟಿ ವೃತ್ತಿಗಾಯಕನ ಪಾಲಿಗೆ ಬಂದಾಗ ಪಾತ್ರಗಳಿಗೆ ಹೆಸರು, ಕುಲ, ಊರುಗಳು ಅಂಟಿಕೊಳ್ಳುತ್ತವೆ.

ಪುರಾಣಗಳಿಗೂ ಈ ಮಾತು ಸಲ್ಲುತ್ತದೆ. ರಾಮೇಗೌಡರೂ ಅವರ ಜೊತೆಗಾರರೂ 1973ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಜನಪದ ರಾಮಾಯಣದಲ್ಲಿ ರಾವಣನ ಹೆಸರು ರಾವುಳ. ಮಕ್ಕಳಿಲ್ಲದ ಅವನಿಗೆ ಶಿವನು ಮಾವಿನಹಣ್ಣೊಂದನ್ನು ಕೊಟ್ಟು, ತಿರುಳನ್ನು ಮಂಡೋದರಿಗೆ ಕೊಡು, ಓಟೆಯನ್ನು ನೀನು ಚೀಪು ಎನ್ನುತ್ತಾನೆ. ಆಸೆಬುರುಕನಾದ ರಾವುಳ ತಿರುಳನ್ನು ತಾನೇ ತಿಂದು ಬಸಿರಾಗುತ್ತಾನೆ. ದಿನಕ್ಕೊಂದು ತಿಂಗಳಂತೆ ಗರ್ಭ ಬೆಳೆದು, ಒಂಬತ್ತನೆಯ ದಿನ ಅವನು ಸೀನಿದಾಗ ಹುಟ್ಟಿದ ಮಗುವೇ ಸೀತೆ. ‘ಸೀನಿದ’ ಎಂಬುದಕ್ಕೆ ಆಡುಮಾತಿನಲ್ಲಿ ‘ಸೀತ’ ಎನ್ನುವುದರಿಂದ ಆ ಹೆಸರು! ವಾಲ್ಮೀಕಿಯಲ್ಲಿ ನೇಗಿಲ ಸಾಲಿಗೆ ದಕ್ಕಿದ ಗೌರವವನ್ನು ಹಳ್ಳಿಯ ಗಾಯಕ ಒಂದು ಕನ್ನಡ ಕ್ರಿಯಾಪದಕ್ಕೆ ದಕ್ಕಿಸಿಕೊಟ್ಟ. ಇದು ವಿನೋದವೆಂಬುದು ನಿಜ. ಆದರೆ ಬರಿಯ ವಿನೋದವಲ್ಲ. ಹೆರಿಗೆಯ ಸಂಕಟವನ್ನು ಗಂಡಸು, ಅದರಲ್ಲಿಯೂ ಲಂಕೆಯ ಒಡೆಯ, ಅನುಭವಿಸಬೇಕಾಗಿ ಬಂದ ಕತೆಯಿದು. ತಾನು ಹೆತ್ತ ಮಗಳನ್ನೇ ಅರಿಯದೆ ಬಯಸುವ ದುರಂತದ ಬೀಜವೂ ಇದರಲ್ಲಿದೆ.

ರಾಮಾನುಜನ್ ಈ ಕತೆಯನ್ನು ವಾಲ್ಮೀಕಿ, ಕಂಬ, ಜೈನ ಮತ್ತು ಥಾಯ್ ರಾಮಾಯಣಗಳ ಪಕ್ಕದಲ್ಲಿ ಇರಿಸಿ ಮುನ್ನೂರು ರಾಮಾಯಣಗಳನ್ನು ಕುರಿತ ಪ್ರಬಂಧವನ್ನು ಬರೆದರು. ಅದು 1991ರಲ್ಲಿ ಒಂದು ಸಂಕಲನದಲ್ಲಿ ಅಚ್ಚಾಯಿತು. ದೆಹಲಿ ವಿಶ್ವವಿದ್ಯಾನಿಲಯದ ಇತಿಹಾಸ ಪದವಿಯ ಪಠ್ಯದಲ್ಲಿ ಅದು ಸೇರಿದಾಗ ವಿರೋಧ ಎದ್ದಿತು. 2008ರಲ್ಲಿ ಇತಿಹಾಸ ವಿಭಾಗದಲ್ಲಿ ದಾಂಧಲೆಯೂ ನಡೆಯಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. ನಾಲ್ವರು ತಜ್ಞರ ಸಮಿತಿಯಲ್ಲಿ ಮೂವರು ಪ್ರಬಂಧದ ಪರವಾಗಿದ್ದರೂ, 2011ರ ಅಕ್ಟೋಬರಿನಲ್ಲಿ ವಿದ್ಯಾವಿಷಯಕ ಪರಿಷತ್ತು ಅದನ್ನು ಪಠ್ಯದಿಂದ ಕೈಬಿಟ್ಟಿತು.

ದೇವರ ಕತೆ ಆಸ್ತಿಕರಿಗೆ ಬರಿಯ ಕತೆಯಲ್ಲ. ಅದನ್ನು ಹಗುರವಾಗಿ ಆಡಿದರೆ ಮನಸ್ಸು ನೋಯುತ್ತದೆ. ಈ ನೋವನ್ನು ಅಲ್ಲಗಳೆಯುವುದು ಸಲ್ಲದು. ಆದರೆ ರಾವುಳನ ಕತೆಯನ್ನು ಹಾಡುತ್ತ ಬಂದವರೂ ಅದೇ ದೇವರಿಗೆ ಕೈಮುಗಿಯುವವರೇ ಅಲ್ಲವೇ? ಊರಿನ ಅಂಚಿನಲ್ಲಿ ಬಾಳಿದ ಆ ಗಾಯಕರ ರಾಮಾಯಣವನ್ನು ತರಗತಿಯಿಂದ ಹೊರಗಿಟ್ಟರೆ ರಾಮನಿಗೆ ಗೌರವ ಹೆಚ್ಚುವುದಿಲ್ಲ. ರಾಮನನ್ನು ಹಾಡಿದ ಬಾಯಿಗಳ ಸಂಖ್ಯೆ ಕಡಮೆಯಾಗುತ್ತದೆ, ಅಷ್ಟೆ. ಹಾಗೆಯೇ, ಇಂಥ ಕತೆಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗೂ ಒಂದು ಹೊಣೆಯುಂಟು. ಬದಲಾಯಿಸುವ ಮೊದಲು ಅದು ಯಾರ ಬಾಯಲ್ಲಿತ್ತು, ಯಾವ ಮಾತಿನ ಬಲದಿಂದ ನಿಂತಿತ್ತು ಎಂದು ಕೇಳಿ ತಿಳಿಯಬೇಕು. ‘ಸೀತ’ ಎಂಬ ಮಾತನ್ನು ಅರಿಯದವನ ಕೈಯಲ್ಲಿ ರಾವುಳನ ಸೀನು ಬರಿಯ ಸೀನಾಗಿಯೇ ಉಳಿಯುತ್ತದೆ.

ರಾಮಾನುಜನ್ ಸಂಗ್ರಹಿಸಿದ ಕನ್ನಡ ಕತೆಗಳಲ್ಲಿ ಇನ್ನೊಂದಿದೆ. ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಗೊತ್ತಿದ್ದುವು. ಅವಳು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕತೆ ಜೋಡಾಗಿ, ಹಾಡು ಕೋಟಾಗಿ ಬಾಗಿಲ ಬಳಿ ಕುಳಿತುವು. ಯಾರು ಬಂದಿದ್ದರೆಂದು ಗಂಡ ಜಗಳವಾಡಿ, ಹನುಮಂತನ ಗುಡಿಗೆ ಹೋಗಿ ಮಲಗಿದ. ಅಲ್ಲಿ ರಾತ್ರಿ ಸೇರಿದ ಊರ ದೀಪಗಳ ಮಾತಿನಿಂದ ಅವನಿಗೆ ನಿಜ ತಿಳಿಯಿತು. ಬೆಳಗ್ಗೆ ಮನೆಗೆ ಬಂದು, ನಿನ್ನ ಕತೆಯೇನು, ಹಾಡೇನು ಎಂದು ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದುವು. ಯಾವ ಕತೆ, ಯಾವ ಹಾಡು ಎಂದು ಅವಳೇ ಅವನನ್ನು ಕೇಳಿದಳು.