ಗಾಳಿ ಜೊತೆ ಜಗಳಕ್ಕೆ ಬಿದ್ದ ಹಾಡು

ಮೋಟೊರೋಲಾ ಅಂದ್ರೆ ನಮಗೆ ಫೋನು. ಆದರೆ ಆ ಹೆಸರು ಹುಟ್ಟಿದ್ದು ಕಾರಿನ ರೇಡಿಯೋಗಾಗಿ. 1930ರಲ್ಲಿ ಷಿಕಾಗೋದ ಪಾಲ್ ಗಾಲ್ವಿನ್ ಕಂಪನಿ ಕಾರಿಗೆ ಕೂರಿಸೋ ರೇಡಿಯೋ ಮಾಡಿ, 'ಮೋಟಾರ್' ಪದಕ್ಕೆ ಆಗಿನ ಗ್ರಾಮಫೋನುಗಳ ಹೆಸರಲ್ಲಿರುತ್ತಿದ್ದ 'ಓಲಾ' ಬಾಲ ಅಂಟಿಸಿತು. ಬೈಕ್ ಕಂಪನಿಗಳು ಹಾಡಿನ ಬಗ್ಗೆ ಗಂಭೀರವಾಗಿ ತಲೆ ಕೆಡಿಸಿಕೊಂಡದ್ದು 1980ರ ಹೊತ್ತಿಗೆ. ನಡುವಿನ ಐವತ್ತು ವರ್ಷ ಬೈಕ್ ಯಾಕೆ ಮೂಕವಾಗಿತ್ತು?

ಮೊದಲ ಕಾರಣ ಕರೆಂಟು. ಹಳೇ ರೇಡಿಯೋಗಳಲ್ಲಿದ್ದದ್ದು ಗಾಜಿನ ವಾಲ್ವ್‌ಗಳು. ಅವುಗಳ ಕರೆಂಟಿನ ಹಸಿವು ಜಾಸ್ತಿ, ಕುಲುಕಾಟ ತಡೆಯುವ ಶಕ್ತಿ ಕಮ್ಮಿ. ಟ್ರಾನ್ಸಿಸ್ಟರ್ ಬಂದ ಮೇಲೂ ಬೈಕಿನ ಪುಟ್ಟ ಬ್ಯಾಟರಿ ಹಾಗೇ ಉಳೀತು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಹೊರತಂದ ಜಾವಾಗಳದ್ದು 6 ವೋಲ್ಟ್ ವ್ಯವಸ್ಥೆ. ಅದೇ ಸ್ಪೀಕರಿಗೆ 12ರ ಬದಲು 6 ವೋಲ್ಟ್ ಕೊಟ್ಟರೆ ಸಿಗೋ ಗರಿಷ್ಠ ಪವರ್ ಅರ್ಧ ಅಲ್ಲ, ಕಾಲು ಭಾಗ. ಹೆಡ್‌ಲೈಟಿಗೇ ಕಷ್ಟಪಡುತ್ತಿದ್ದ ಗಾಡಿಯಲ್ಲಿ ಹಾಡಿಗೆಲ್ಲಿ ಜಾಗ?

ಎರಡನೇ ಕಾರಣ ಗಾಳಿ. ಕಾರಿಗೆ ಗೋಡೆ ಇದೆ, ಬೈಕಿಗಿಲ್ಲ. 1971ರಲ್ಲಿ ಅಮೆರಿಕದ ಕ್ರೇಗ್ ವೆಟ್ಟರ್ 'ವಿಂಡ್‌ಜಾಮರ್' ಅನ್ನೋ ಫೇರಿಂಗ್ ಮಾರೋಕೆ ಶುರು ಮಾಡಿದ. ಯಾವ ಬೈಕಿನ ಮುಂದಾದರೂ ಕಟ್ಟಬಹುದಾದ ದೊಡ್ಡ ಗಾಳಿತಡೆ ಅದು. ಅದರೊಳಗಿನ ಸಾಮಾನಿನ ಗೂಡುಗಳಲ್ಲಿ ಜನ ಕಾರಿನ ಸ್ಟೀರಿಯೋ ತುರುಕಿದರು. ನನ್ನ ಪ್ರಕಾರ ಬೈಕ್ ಆಡಿಯೋದ ನಿಜವಾದ ಜನಕ ಈ ಫೈಬರ್ ಗೋಡೆಯೇ. ಹೋಂಡಾಗೆ ಇದು ಅರ್ಥವಾಯ್ತು. 1975ರಲ್ಲಿ ಗಾಳಿತಡೆ ಇಲ್ಲದೇ ಬಂದಿದ್ದ ಗೋಲ್ಡ್‌ವಿಂಗ್, 1980ರ ಇಂಟರ್‌ಸ್ಟೇಟ್ ಮಾಡೆಲ್‌ನಲ್ಲಿ ಕಂಪನಿಯ ಫೇರಿಂಗ್ ಹೊತ್ತು ಬಂತು. ಬೇಕಂದವರಿಗೆ ಸ್ಟೀರಿಯೋ ಕೂಡ ಸಿಕ್ಕಿತು. ಮುಂದಿನ ಮಾಡೆಲ್‌ಗಳಲ್ಲಿ ವೇಗ ಏರಿದ ಹಾಗೆ ತಾನೇ ಜೋರಾಗೋ ವಾಲ್ಯೂಮ್ ಬೇರೆ. ಅಂದ್ರೆ ಗಾಳಿ ಕಿರುಚಿದಷ್ಟೂ ಹಾಡೂ ಕಿರುಚಬೇಕು.

ನಮ್ಮಲ್ಲಿ ಈ ಕೆಲಸ ಇವತ್ತಿಗೂ ಗ್ಯಾರೇಜಲ್ಲೇ ನಡೆಯುತ್ತೆ. ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ನೇರ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಕೀ ತೆಗೆದರೆ ಎಲ್ಲ ಆಫ್ ಆಗೋ ಹಾಗೆ ಒಂದು ರಿಲೇ. ಫ್ಯೂಸ್ ಬೇಡ ಅನ್ನೋ ಮೆಕ್ಯಾನಿಕ್ ಸಿಕ್ಕರೆ ಗಾಡಿ ತಿರುಗಿಸಿಕೊಂಡು ಬನ್ನಿ. 2017ರಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತೆ, ಹಾಗಾಗಿ ಉಳಿಯೋ ಕರೆಂಟು ಇನ್ನೂ ಕಮ್ಮಿ. ಟೀ ಅಂಗಡಿ ಮುಂದೆ ಎಂಜಿನ್ ಆಫ್ ಮಾಡಿ ಹಾಡು ಹಾಕೋರು ತಮ್ಮ ಬೈಕಿಗೆ ಕಿಕ್ಕರ್ ಇದೆಯಾ ಅಂತ ಮೊದಲು ನೋಡಿಕೊಳ್ಳಲಿ.

ಕರೆಂಟಿನ ತೊಂದರೆ ಎಲೆಕ್ಟ್ರಿಕ್ ಸ್ಕೂಟರ್ ಜೊತೆ ಹೆಚ್ಚುಕಮ್ಮಿ ಮುಗೀತು. ಸಾಮಾನ್ಯ ಬೈಕಿನ 12 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿರೋದು 48 ವ್ಯಾಟ್-ಅವರ್. 2021ರಲ್ಲಿ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ತಂದ ಎಸ್1 ಪ್ರೊದಲ್ಲಿ ಸುಮಾರು 4,000, ಜೊತೆಗೆ ಸ್ಪೀಕರೂ ಇತ್ತು. (ಮತ್ತೆ ಓಲಾ! ಕಾಕತಾಳೀಯ, ಅಷ್ಟೆ.)

ಗಾಳಿ ಮಾತ್ರ ಸೋತಿಲ್ಲ. 2000ರ ದಶಕದಲ್ಲಿ ಬ್ಲೂಟೂತ್ ಇಂಟರ್‌ಕಾಮ್ ಬಂದು ಸ್ಪೀಕರ್ ಹ್ಯಾಂಡಲ್ ಬಿಟ್ಟು ಹೆಲ್ಮೆಟ್ ಒಳಗೆ ಸೇರಿತು. ಬೀದಿಗೆಲ್ಲ ಕೇಳುತ್ತಿದ್ದ ಹಾಡು ಒಬ್ಬರದೇ ಆಯ್ತು, ಅಕ್ಕಪಕ್ಕದವರು ಬಚಾವ್. ಆದರೆ ಹೈವೇಯಲ್ಲಿ ನೂರರ ವೇಗಕ್ಕೆ ಹೆಲ್ಮೆಟ್ ಒಳಗಿನ ಗಾಳಿ ಸದ್ದೇ 95 ಡೆಸಿಬೆಲ್ ದಾಟೋದು ಸಾಮಾನ್ಯ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಮಿತಿ ಪ್ರಕಾರ 100 ಡೆಸಿಬೆಲ್ಲನ್ನು ಕಿವಿ ದಿನಕ್ಕೆ 15 ನಿಮಿಷ ಮಾತ್ರ ತಡೆದುಕೊಳ್ಳಬಹುದು. ಆ ಗದ್ದಲದ ಮೇಲೆ ಹಾಡು ಕೇಳಬೇಕಂದ್ರೆ ವಾಲ್ಯೂಮ್ ಎಲ್ಲಿಗೆ ಏರಿಸಬೇಕು, ನೀವೇ ಲೆಕ್ಕ ಹಾಕಿ. ದೂರದ ಸವಾರರು ಅನೇಕರು ಔಷಧಿ ಅಂಗಡಿಯ ಫೋಮ್ ಇಯರ್‌ಪ್ಲಗ್ ಹಾಕಿಕೊಂಡು, ಅದರ ಮೇಲೆ ಹಾಡು ಕೇಳ್ತಾರೆ. ಕೇಳೋಕೆ ತಮಾಷೆ ಅನ್ಸುತ್ತೆ. ಆದರೆ ಪ್ಲಗ್ ಗಾಳಿಯ ಮೊರೆತವನ್ನೂ ಹಾಡನ್ನೂ ಒಟ್ಟಿಗೇ ತಗ್ಗಿಸುತ್ತೆ. ಕಿವಿಗೆ ಬೀಳೋ ಒಟ್ಟು ಗದ್ದಲ ತಗ್ಗುತ್ತೆ.